ಡೇರೆ ಓಡಿಹೋದ ಪ್ರಸಂಗ

ಸ್ಯಾಸ್ಕಟೂನಿನ ಅಂಗಡಿಯೊಂದರಲ್ಲಿ ಡೇರೆ ಮಾರುತ್ತಿದ್ದ ಹುಡುಗ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: “ಉದ್ದ ಗೂಟದ್ದು ಒಂದು ಸೆಟ್ ಬೇರೆ ಕೊಡಲಾ? ಡೇರೆ ಜೊತೆ ಬರೋ ಗೂಟ ಇಲ್ಲಿನ ಗಾಳಿಗೆ ಸಾಲೋದಿಲ್ಲ.”

ನಾನು ಅವನನ್ನು ಕನಿಕರದಿಂದ ನೋಡಿ, “ಗಾಳಿ ಇರಲಿ, ಮಳೆ ತಡೆಯುತ್ತಾ ಹೇಳು” ಅಂದೆ.

“ತಡೆಯುತ್ತೆ.”

“ಹಾಗಾದರೆ ಸಾಕು.”

ಗೂಟದ ಸೆಟ್ಟಿಗೆ ಹದಿನೆಂಟು ಡಾಲರ್. ಅದನ್ನು ಉಳಿಸಿದ ಖುಷಿಯಲ್ಲಿ ಮನೆಗೆ ಬಂದೆ. ಮುಂದೆ ನಡೆದದ್ದೆಲ್ಲ ಆ ಹದಿನೆಂಟು ಡಾಲರಿನ ಬಡ್ಡಿ.

ಮಳೆಯ ವಿಷಯದಲ್ಲಿ ನನಗೆ ಸ್ವಲ್ಪ ಸೊಕ್ಕು. ನಾನು ತೀರ್ಥಹಳ್ಳಿ ತಾಲ್ಲೂಕಿನವನು. ಆಗುಂಬೆ ನಮ್ಮ ಮನೆಯಿಂದ ಕೂಗಳತೆ. ಊರಲ್ಲಿ ಹಾಗೆ ಹೇಳಿದರೆ ನಗುತ್ತಾರೆ, ಹತ್ತಾರು ಮೈಲಿ ಇದೆ. ಆದರೆ ಕೆನಡಾದಲ್ಲಿ ನಿಂತು ಹೇಳುವಾಗ ಅದು ಕೂಗಳತೆಯೇ. ವರ್ಷಕ್ಕೆ 7,000 ಮಿಲಿಮೀಟರ್ ದಾಟುವ ಮಳೆ. ನಮ್ಮಪ್ಪ ಅದನ್ನು ಇಂಚಿನಲ್ಲಿ ಅಳೆದು, ಅಡುಗೆಮನೆಯ ಕ್ಯಾಲೆಂಡರಿನ ಚೌಕಗಳಲ್ಲಿ ದಿನವೂ ಬರೆದಿಡುತ್ತಿದ್ದರು. ಜುಲೈ ತಿಂಗಳ ಹಾಳೆಯಲ್ಲಿ ಏಕಾದಶಿ ಯಾವತ್ತು ಅಂತ ನೋಡಲು ಜಾಗವಿರುತ್ತಿರಲಿಲ್ಲ. ಅಂಥ ಮನೆಯಿಂದ ಬಂದವನು ಈಗ ಇರುವುದು ವರ್ಷಕ್ಕೆ ಸುಮಾರು 350 ಮಿಲಿಮೀಟರ್ ಬೀಳುವ ಊರಿನಲ್ಲಿ, ಅದರಲ್ಲೂ ಒಂದು ಪಾಲು ಹಿಮ. ಆಫೀಸಿನಲ್ಲಿ ಯಾರಾದರೂ “ನಿನ್ನೆ ಎಂಥಾ ಮಳೆ!” ಅಂದರೆ ನಾನು ಹಳೆಯ ಪೈಲ್ವಾನರು ಹುಡುಗರ ಕುಸ್ತಿ ನೋಡುವಂತೆ ನಗುತ್ತೇನೆ. ಒಮ್ಮೆ ಕ್ಯಾಂಟೀನಿನಲ್ಲಿ ಉಂಬಳ, ಗೊರಬು, ಕಂಬಳಿಕೊಪ್ಪೆ, ಮೂರು ತಿಂಗಳು ಒಣಗದ ಬಟ್ಟೆ ಎಲ್ಲದರ ಬಗ್ಗೆ ಭಾಷಣ ಬಿಗಿದೆ. ಕೇಳುತ್ತಿದ್ದವನೊಬ್ಬ, “ಹಾಗಾದರೆ ನೀನು ಕ್ಯಾಂಪಿಂಗ್ ಹೋಗಲೇಬೇಕು” ಅಂದ. ಮಾತಿನಲ್ಲಿ ಸಿಕ್ಕಿಬಿದ್ದೆ.

ಹೆಂಡತಿಗೆ ಹೇಳಿದಾಗ ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸಿ ಕೇಳಿದಳು: “ಮನೆ ಇದೆ. ಮನೆಗೆ ಸಾಲ ಇದೆ. ಆ ಸಾಲ ಕಟ್ಟುತ್ತಾ ಇದ್ದೇವೆ. ಆದರೂ ನೆಲದ ಮೇಲೆ ಮಲಗೋದಕ್ಕೆ ಬೇರೆ ದುಡ್ಡು ಕೊಟ್ಟು ಹೋಗಬೇಕಾ?” ನನ್ನಲ್ಲಿ ಉತ್ತರವಿರಲಿಲ್ಲ. ನಿಸರ್ಗ, ಮಕ್ಕಳು, ನಕ್ಷತ್ರ ಅಂತ ಏನೋ ಅಂದೆ.

ಡೇರೆಯ ಚೀಲದ ಮೇಲೆ “ಆರು ಜನರಿಗೆ” ಎಂದು ಬರೆದಿತ್ತು. ಡೇರೆ ತಯಾರಿಸುವವರ ಲೆಕ್ಕದ ಜನ ಯಾರೆಂದು ನಮಗೆ ಹಿತ್ತಿಲಲ್ಲಿ ಹರಡಿದಾಗ ಗೊತ್ತಾಯಿತು. ಅವರು ಜಾಡಿಯೊಳಗಿನ ಅಪ್ಪೆಮಿಡಿಯಂತೆ ಒತ್ತೊತ್ತಾಗಿ, ಉಪ್ಪುನೀರಿನಲ್ಲಿ ಅಲುಗದೆ ಇರಬಲ್ಲವರು. ನಾವು ನಾಲ್ಕೇ ಜನ, ಜೊತೆಗೆ ಒಂದು ಕುಕ್ಕರ್. ತುಂಬಿ ತುಳುಕಿತು.

ಮೊದಲ ಯಾತ್ರೆ ಜೂನ್ ಕೊನೆಯಲ್ಲಿ, ನಗರದಿಂದ ದಕ್ಷಿಣಕ್ಕೆ ನಲವತ್ತು ಕಿಲೋಮೀಟರ್ ದೂರದ ಬ್ಲ್ಯಾಕ್‌ಸ್ಟ್ರಾಪ್ ಪ್ರಾಂತೀಯ ಉದ್ಯಾನಕ್ಕೆ. ಅಲ್ಲಿ ಉದ್ದನೆಯದೊಂದು ಕೆರೆ ಇದೆ. ಕೆರೆಯ ಪಕ್ಕ ಒಂದು ಬೆಟ್ಟ ಇದೆ. ದೋಸೆ ಕಾವಲಿಯಂಥ ಬಯಲಿನಲ್ಲಿ ಬೆಟ್ಟ ಎಲ್ಲಿಂದ ಬಂತು ಅಂತ ವಿಚಾರಿಸಿದರೆ, 1971ರ ಕೆನಡಾ ಚಳಿಗಾಲದ ಕ್ರೀಡಾಕೂಟಕ್ಕೆ ಸ್ಕೀಯಿಂಗ್ ಮಾಡಲು ಇಳಿಜಾರು ಬೇಕಿತ್ತಂತೆ. ಇರಲಿಲ್ಲ. ಅದಕ್ಕೇ ಮಣ್ಣು ಪೇರಿಸಿ ಒಂದು ಬೆಟ್ಟ ಕಟ್ಟಿಬಿಟ್ಟರು. ಎತ್ತರ ಸುಮಾರು 91 ಮೀಟರ್. ಕುಂದಾದ್ರಿಯ ನೆರಳಲ್ಲಿ ಬೆಳೆದ ನಾನು ಆ ಬೆಟ್ಟ ನೋಡಿ ಕಾರಿನಲ್ಲೇ ಗಹಗಹಿಸಿ ನಕ್ಕೆ. “ಇದು ಬೆಟ್ಟವಾ? ನಮ್ಮಲ್ಲಿ ಇಂಥದ್ದಕ್ಕೆ ಹೆಸರೂ ಇಡೋದಿಲ್ಲ!” ಮಗಳು, “ಅಪ್ಪ, ರಸ್ತೆ ನೋಡಿ” ಅಂದಳು. ನಮ್ಮ ತಿರುವು ದಾಟಿ ಹೋಗಿತ್ತು.

ಡೇರೆ ಹಾಕುವಾಗ ಒಂದು ವಿಷಯ ಅರಿವಿಗೆ ಬಂತು. ಮಲೆನಾಡಿನಲ್ಲಿ ಮನುಷ್ಯ ತಪ್ಪು ಮಾಡಿದರೆ ಮರೆ ಇರುತ್ತದೆ. ಒಂದು ತಿರುವು, ಒಂದು ದಿಬ್ಬ, ಕೊನೆಗೆ ಒಂದು ಹಲಸಿನ ಮರ. ಇಲ್ಲಿ ಏನೂ ಇಲ್ಲ. ಪಕ್ಕದ ಜಾಗದಲ್ಲಿ ಮನೆಯಷ್ಟು ದೊಡ್ಡ ಟ್ರೇಲರ್ ನಿಲ್ಲಿಸಿಕೊಂಡಿದ್ದ ವಯಸ್ಸಾದ ದಂಪತಿ ಮಡಚುವ ಕುರ್ಚಿಗಳನ್ನು ನಮ್ಮ ಕಡೆಗೆ ತಿರುಗಿಸಿಕೊಂಡು, ಕಾಫಿ ಹಿಡಿದು, ಬಯಲಾಟದ ಮುಂದಿನ ಸಾಲಿನವರಂತೆ ಕುಳಿತುಬಿಟ್ಟರು. ಕಡ್ಡಿಗಳನ್ನು ಜೋಡಿಸಿದೆ. ಒಂದು ಕಡೆ ಸಿಕ್ಕಿಸಿದರೆ ಇನ್ನೊಂದು ಕಡೆ ಚಿಮ್ಮಿತು. ಹೆಂಡತಿ ಹಿಡಿದ ತುದಿ ಬಿಟ್ಟಾಗ ನನ್ನ ಕನ್ನಡಕಕ್ಕೆ ಬಡಿಯಿತು, ನಾನು ಹಿಡಿದದ್ದನ್ನು ಬಿಟ್ಟಾಗ ಅವಳ ಸಹನೆಗೆ. ಮುಕ್ಕಾಲು ಗಂಟೆಯ ಮೇಲೆ ಡೇರೆ ಎದ್ದು ನಿಂತಿತು. ಆ ಅಜ್ಜ ಕುರ್ಚಿಯಿಂದೆದ್ದು, ಮರದ ಸುತ್ತಿಗೆ ಹಿಡಿದು ನಿಧಾನಕ್ಕೆ ಬಂದರು. ಡೇರೆಯನ್ನು ಒಂದು ಸುತ್ತು ಬಂದರು. “ಚೆನ್ನಾಗಿದೆ. ಆದರೆ ಮೇಲ್ಹೊದಿಕೆಯ ಒಳಮೈ ಹೊರಗಾಗಿದೆ” ಅಂದರು. ಆಮೇಲೆ ಗೂಟಗಳ ಕಡೆ ನೋಡಿ, ಒಂದನ್ನು ಎರಡೇ ಬೆರಳಲ್ಲಿ ಕಿತ್ತು ನನ್ನ ಕೈಗಿಟ್ಟರು. ಏನೂ ಹೇಳಲಿಲ್ಲ. ಹೇಳಿದ್ದರೂ ಅಂದು ನನಗೆ ಕೇಳಿಸುತ್ತಿರಲಿಲ್ಲ.

ಸೌದೆಯದ್ದು ಇನ್ನೊಂದು ಕಥೆ. ನಮ್ಮ ಬೀದಿಯಲ್ಲಿ ಯಾರೋ ಕಡಿದು ಹಾಕಿದ್ದ ಕೊಂಬೆಗಳನ್ನು ಕಾರಿಗೆ ತುಂಬಿಕೊಂಡು ಹೊರಟಿದ್ದೆ. ಅದು ಎಲ್ಮ್ ಮರದ್ದು ಎಂದು ಪಕ್ಕದ ಮನೆಯವರು ಓಡಿಬಂದು ಇಳಿಸಿದರು. ಡಚ್ ಎಲ್ಮ್ ರೋಗ ಹಬ್ಬುತ್ತದೆಂದು ಈ ಪ್ರಾಂತ್ಯದಲ್ಲಿ ಎಲ್ಮ್ ಸೌದೆ ಸಾಗಿಸುವುದೂ ಅಪರಾಧ, ಕೂಡಿಡುವುದೂ ಅಪರಾಧವಂತೆ. ಹಾಗಾಗಿ ಕೆರೆದಂಡೆಯಲ್ಲಿ ದುಡ್ಡು ಕೊಟ್ಟು ಸೌದೆ ಕೊಂಡೆ. ನಮ್ಮ ವಂಶದಲ್ಲಿ ಸೌದೆಗೆ ದುಡ್ಡು ಕೊಟ್ಟ ಮೊದಲಿಗ ನಾನು. ಬಚ್ಚಲೊಲೆಗೆ ಹಸಿ ಸೌದೆ ಒಡ್ಡಿ ಬೆಂಕಿ ಮಾಡಿದ ಅಜ್ಜಿಯ ಮೊಮ್ಮಗ ಒಣ ಸೌದೆಯಲ್ಲಿ ಹೊಗೆ ಮಾತ್ರ ಎಬ್ಬಿಸಿದೆ. ಮನೆಯಿಂದ ತಂದ ಪುಳಿಯೋಗರೆ ಇಲ್ಲದಿದ್ದರೆ ಅಂದು ಏಕಾದಶಿಯೇ.

ಊಟವಾದ ಮೇಲೆ ಗಾಳಿ ಹಾಸಿಗೆಗೆ ಗಾಳಿ ತುಂಬುವ ಪಂಪು ಮನೆಯಲ್ಲೇ ಉಳಿದದ್ದು ತಿಳಿಯಿತು. ಬಾಯಲ್ಲೇ ಊದಲು ಕುಳಿತೆ. ಒಂದು ಗಂಟೆ. ಕೆರೆಯ ದಂಡೆ, ಮುಸ್ಸಂಜೆ, ನಾನು, ಮತ್ತು ನನ್ನ ಉಸಿರು. ಕಚ್ಚುವ ಸೊಳ್ಳೆಗಳೆಲ್ಲ ಹೆಣ್ಣು, ಅವು ನಾವು ಬಿಡುವ ಉಸಿರಿನಲ್ಲಿರುವ ಇಂಗಾಲದ ಡೈಆಕ್ಸೈಡಿನ ಜಾಡು ಹಿಡಿದೇ ಬರುತ್ತವೆ ಎಂಬುದನ್ನು ಮಗಳು ಶಾಲೆಯಲ್ಲಿ ಕಲಿತಿದ್ದಳು. ಆದರೆ ಅದನ್ನು ಅವಳು ಹೇಳಿದ್ದು ಹಾಸಿಗೆ ಪೂರ್ತಿ ಉಬ್ಬಿದ ಮೇಲೆ. ಅಂದರೆ ನಾನು ಒಂದು ಗಂಟೆ ಕಾಲ ಬ್ಲ್ಯಾಕ್‌ಸ್ಟ್ರಾಪಿನ ಪ್ರತಿಯೊಂದು ಸೊಳ್ಳೆಗೂ ಬಂಧುಮಿತ್ರ ಸಮೇತ ಬರಬೇಕೆಂದು ಲಗ್ನಪತ್ರಿಕೆ ಹಂಚಿದ್ದೆ. ಎಲ್ಲರೂ ಬಂದರು. ಊಟ ಮಾಡಿಕೊಂಡೇ ಹೋದರು.

ಮಲಗೋಣವೆಂದರೆ ರಾತ್ರಿಯೇ ಆಗಲೊಲ್ಲದು. ಈ ಅಕ್ಷಾಂಶದಲ್ಲಿ ಜೂನ್ ತಿಂಗಳ ಸೂರ್ಯ ಮುಳುಗುವುದು ಒಂಬತ್ತೂವರೆಗೆ, ಬೆಳಕು ಪೂರ್ತಿ ಆರಲು ಇನ್ನೂ ಎಷ್ಟೋ ಹೊತ್ತು. “ಇನ್ನೂ ಬೆಳಕಿದೆ ಅಪ್ಪ” ಅಂತ ಮಗ ಹತ್ತೂವರೆಗೂ ಡೇರೆಯೊಳಗೆ ಕುಣಿದ. ಮತ್ತೆ ಐದಕ್ಕೆ ಕಾಲು ಗಂಟೆಯಿರುವಾಗಲೇ ಸೂರ್ಯ ಹಾಜರ್. ನಡುವಿನ ಚೂರುಪಾರು ಕತ್ತಲೆಯಲ್ಲಿ ನಾನು ಕೆರೆದುಕೊಳ್ಳುತ್ತಿದ್ದೆ. ಬೆಳಿಗ್ಗೆ ಕಾಲುಚೀಲದ ಮೇಲೆ ಒಂದು ಉಣುಗು ಹತ್ತುವುದು ಕಾಣಿಸಿತು. ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗನ ಕಾಯಿಲೆ ಪತ್ತೆಯಾದ ಜಿಲ್ಲೆಯವನು ನಾನು. ಉಣುಗು ಅಂದರೆ ನಮಗೆ ಹುಲಿಗಿಂತ ಹೆಚ್ಚು. ನನ್ನ ಕೂಗಿಗೆ ಕೆರೆಯ ಹಕ್ಕಿಗಳೆದ್ದವು. ಪಕ್ಕದ ಅಜ್ಜ ಬಂದು ಅದನ್ನು ಎರಡು ಬೆರಳಲ್ಲಿ ಕಿತ್ತು ಎಸೆದರು. ಹಿಂದಿನ ದಿನ ಗೂಟ ಕಿತ್ತ ಅದೇ ಎರಡು ಬೆರಳು.

ಮುಂದಿನ ವಾರವೇ ಎರಡನೆಯ ಯಾತ್ರೆ. ಹಟ. ಆಗ್ನೇಯಕ್ಕೆ ನೂರು ಕಿಲೋಮೀಟರಿಗೆ ಸ್ವಲ್ಪ ಮೀರಿ ವಾಟ್ರಸ್ ಹತ್ತಿರ ಲಿಟಲ್ ಮ್ಯಾನಿಟೂ ಸರೋವರವಿದೆ. ಒಳಗೆ ಬಂದ ನೀರಿಗೆ ಹೊರಹೋಗಲು ದಾರಿಯಿಲ್ಲ. ನೀರು ಆವಿಯಾಗಿ ಲವಣ ಉಳಿದು ಉಳಿದು ಸಮುದ್ರಕ್ಕಿಂತ ಉಪ್ಪಾಗಿದೆ. ಅದರಲ್ಲಿ ಮನುಷ್ಯ ಮುಳುಗುವುದಿಲ್ಲ, ತೇಲುತ್ತಾನೆ. ನೋವು ನಿವಾರಣೆಗೆಂದು ಜನ ಬಹಳ ಹಿಂದಿನಿಂದಲೂ ಇಲ್ಲಿಗೆ ಬರುತ್ತಾರೆ. ದಂಡೆಯ ಮೇಲೆ 1928ರಲ್ಲಿ ಕಟ್ಟಿದ ಡಾನ್ಸ್‌ಲ್ಯಾಂಡ್ ಎಂಬ ನೃತ್ಯಶಾಲೆಯಿದೆ. ಅದರ ಹಲಗೆ ನೆಲದ ಕೆಳಗೆ ಕುದುರೆ ಕೂದಲು ತುಂಬಿದ್ದಾರೆ. ಕುಣಿಯುವವರ ಕಾಲಿಗೆ ನೆಲವೇ ಸ್ವಲ್ಪ ಪುಟಿಯಲಿ ಎಂದು.

ನಾನು ತುಂಗೆಯಲ್ಲಿ ಈಜಿದವನು. ಮಕ್ಕಳಿಗೆ ದಂಡೆಯ ಮೇಲೆ ಈಜಿನ ಪಾಠ ಹೇಳಿ, ಓಡಿಹೋಗಿ ನೀರಿಗೆ ಬಿದ್ದೆ. ಬಿದ್ದ ಕ್ಷಣದಲ್ಲಿ ಎರಡು ಸಂಗತಿ ಒಟ್ಟಿಗೆ ನಡೆದವು. ಒಂದು, ಕಾಲುಗಳು ಕೆಳಗೆ ಇಳಿಯಲು ನಿರಾಕರಿಸಿ ಮೇಲಕ್ಕೆ ಎದ್ದವು. ನಾನು ತೆಪ್ಪವಾದೆ. ಎರಡು, ಹಿಂದಿನ ವಾರ ಕೆರೆದು ಕೆರೆದು ಚರ್ಮ ಕಿತ್ತುಕೊಂಡಿದ್ದ ನೂರಾರು ಸೊಳ್ಳೆ ಕಡಿತಗಳಿಗೆ ಆ ಉಪ್ಪುನೀರು ಒಂದೇ ಏಟಿಗೆ ತಾಗಿತು. ಮಿಡಿಗೆ ಉಪ್ಪು ಹಾಕಿದಾಗ ಮಿಡಿಗೆ ಏನನ್ನಿಸುತ್ತದೆ ಎಂದು ನಮ್ಮಲ್ಲಿ ಯಾರೂ ಯೋಚಿಸಿದವರಿಲ್ಲ. ನಾನು ಅಂದು ಯೋಚಿಸಿದೆ. ಎದ್ದು ಓಡಬೇಕೆಂದರೆ ಕಾಲು ನೆಲ ಮುಟ್ಟುತ್ತಿಲ್ಲ. ಮಗುಚಿಕೊಳ್ಳಬೇಕೆಂದರೆ ನೀರು ಮತ್ತೆ ಅಂಗಾತ ಮಲಗಿಸುತ್ತದೆ. ಹೊಟ್ಟೆ ಆಕಾಶಕ್ಕೆ ಕೊಟ್ಟು, ಕೈಕಾಲು ಬಡಿಯುತ್ತಾ, “ಅಯ್ಯಯ್ಯೋ” ಅನ್ನುತ್ತಾ ತೇಲಿದೆ. ದಂಡೆಯ ಮೇಲಿದ್ದ ಅಜ್ಜಿಯೊಬ್ಬರು ನನ್ನ ಹೆಂಡತಿಗೆ, “ನಿಮ್ಮ ಯಜಮಾನರಿಗೆ ನೀರು ಬಹಳ ಹಿಡಿಸಿದೆ” ಅಂದರಂತೆ. ಸಂಜೆ ಆ ನೃತ್ಯಶಾಲೆಯ ನೆಲವನ್ನು ನೋಡಿಬಂದೆವು. ನಾನು ಕಾಲು ಅಗಲಿಸಿಕೊಂಡು ನಡೆಯುತ್ತಿದ್ದುದರಿಂದ ಪುಟಿಯುತ್ತದೋ ಇಲ್ಲವೋ ಪರೀಕ್ಷಿಸಲಾಗಲಿಲ್ಲ.

ಮೂರನೆಯದೇ ಕೊನೆಯದು ಎಂದು ಹೆಂಡತಿ ಗೆರೆ ಎಳೆದಳು. ಈ ಸಲ ಕೆರೆಯ ಸಹವಾಸವೇ ಬೇಡ, ಹೊಲದಲ್ಲಿ ಮಲಗೋಣ ಅಂತ ತೀರ್ಮಾನವಾಯಿತು. ಆಫೀಸಿನ ಗೆಳೆಯನೊಬ್ಬನ ಪರಿಚಯದ ರೈತರು ನೈಋತ್ಯದಲ್ಲಿ, ರೋಸ್‌ಟೌನ್ ಕಡೆಗಿದ್ದರು. ಬೇಕಾದರೆ ಬಂದು ಡೇರೆ ಹಾಕಿಕೊಳ್ಳಿ ಅಂದಿದ್ದರು.

ದಾರಿ ತಪ್ಪಿದ್ದನ್ನು ವಿವರವಾಗಿ ಹೇಳುವುದಿಲ್ಲ. ಈ ಸೀಮೆಯನ್ನು ಅಳೆದವರು ಚದುರಂಗದ ಮಣೆಯಂತೆ ಗೆರೆ ಎಳೆದಿದ್ದಾರೆ. ಒಂದು ದಿಕ್ಕಿಗೆ ಮೈಲಿಗೊಂದು ರಸ್ತೆ, ಇನ್ನೊಂದು ದಿಕ್ಕಿಗೆ ಎರಡು ಮೈಲಿಗೊಂದು. ಎಲ್ಲ ಜಲ್ಲಿ ರಸ್ತೆ, ಎಲ್ಲ ನೇರ, ಎಲ್ಲ ಒಂದೇ ತರಹ. ತಿರುವುಗಳಿಂದಲೇ ದಾರಿ ನೆನಪಿಟ್ಟುಕೊಳ್ಳುವ ನಮಗೆ ತಿರುವಿಲ್ಲದ ದಾರಿಯೇ ಚಕ್ರವ್ಯೂಹ. 1872ರ ಕಾಯಿದೆಯಂತೆ ವಲಸೆ ಬಂದವನಿಗೆ ಹತ್ತು ಡಾಲರ್ ಶುಲ್ಕಕ್ಕೆ 160 ಎಕರೆ ಕೊಟ್ಟ ನೆಲವಿದು. ನಮ್ಮಲ್ಲಿ ಹತ್ತು ಗುಂಟೆ ಅಡಿಕೆ ತೋಟಕ್ಕೆ ಮೂರು ತಲೆಮಾರು ಕೋರ್ಟು. ಈ ಲೆಕ್ಕದಲ್ಲಿ 160 ಎಕರೆಗೆ ಎಷ್ಟು ತಲೆಮಾರು ಬೇಕು ಅಂತ ಗುಣಿಸುತ್ತಾ ಹೋಗಿ ಅದೇ ಉಗ್ರಾಣದ ಮುಂದೆ ಮೂರು ಸಲ ಬಂದೆವು.

ರೈತರು ಅರವತ್ತರ ಆಸುಪಾಸಿನವರು, ಮಾತು ಕಡಿಮೆ. ಮನೆಯ ಪಶ್ಚಿಮಕ್ಕೂ ಉತ್ತರಕ್ಕೂ ಕೋಟೆಗೋಡೆಯಂತೆ ಒತ್ತಾಗಿ ಬೆಳೆಸಿದ ಗಿಡಮರಗಳ ಸಾಲು ತೋರಿಸಿ, “ಅದರ ಮರೆಯಲ್ಲಿ ಹಾಕಿ” ಅಂದರು. ಗಾಳಿ ತಡೆಯಲೆಂದೇ ಇಂಥ ಸಾಲು ನೆಡುತ್ತಾರೆ. ಇಂಡಿಯನ್ ಹೆಡ್ ಎಂಬ ಊರಿನ ಸರ್ಕಾರಿ ಸಸ್ಯಕ್ಷೇತ್ರ 1901ರಿಂದ 2013ರವರೆಗೆ ಬಯಲುಸೀಮೆಯ ರೈತರಿಗೆ ಅರವತ್ತು ಕೋಟಿಗೂ ಹೆಚ್ಚು ಸಸಿ ಹಂಚಿತ್ತು. ಇವರ ಸಾಲನ್ನು ನೆಟ್ಟದ್ದು ಇವರ ಅಜ್ಜ.

ನಾನು ಮರಗಳನ್ನು ನೋಡಿದೆ. ನನ್ನೊಳಗಿನ ಮಲೆನಾಡು ಎದ್ದು ನಿಂತಿತು. ಮಳೆಗಾಲದಲ್ಲಿ ಮರದ ಬುಡದಲ್ಲಿ ಮಲಗಬೇಡ ಎಂದು ಅಜ್ಜಿ ಹೇಳಿದ್ದು, ಧರೆ ಕುಸಿದು ಹೆಬ್ಬಲಸು ಕೊಟ್ಟಿಗೆಯ ಮೇಲೆ ಬಿದ್ದದ್ದು ಎಲ್ಲ ನೆನಪಾಯಿತು. “ಬೇಡ, ನಮಗೆ ಬಯಲೇ ಸರಿ. ಮಳೆ ಬಗ್ಗೆ ನಮಗೆ ಗೊತ್ತು” ಅಂದೆ. ಅವರು ಹೆಗಲು ಕುಣಿಸಿದರು. ಹೊಲದ ಅಂಚಿನ ಹುಲ್ಲಿನಲ್ಲಿ, ನಾಲ್ಕು ದಿಕ್ಕಿಗೂ ತೆರೆದುಕೊಂಡು, ಹೆಣಿಗೆ ಕಡ್ಡಿಯಂಥ ಆ ಗೂಟಗಳನ್ನು ಚುಚ್ಚಿ ಡೇರೆ ನಿಲ್ಲಿಸಿದೆ. ಈ ಸಲ ಮೇಲ್ಹೊದಿಕೆ ಸರಿಯಾಗಿತ್ತು. ಇಪ್ಪತ್ತೇ ನಿಮಿಷ. ಹೆಂಡತಿಯೂ ಮೆಚ್ಚಿದಳು.

ಅಂದಿನ ಸಂಜೆ ಚೆನ್ನಾಗಿಯೇ ಇತ್ತು, ಸುಳ್ಳು ಹೇಳಬಾರದು. ಒಂದು ಕಡೆ ಕನೋಲಾದ ಹಳದಿ, ಇನ್ನೊಂದು ಕಡೆ ಮೊಣಕಾಲೆತ್ತರದ ಮಸೂರ ಬೇಳೆಯ ಗಿಡ. ಬೇಲಿಯಂಚಿನಲ್ಲಿ ಸ್ಯಾಸ್ಕಟೂನ್ ಹಣ್ಣು ಮಾಗಿತ್ತು. ನಗರಕ್ಕೆ ಹೆಸರು ಕೊಟ್ಟದ್ದು ಈ ಹಣ್ಣೇ, ಕ್ರೀ ಜನರ ಮಾತಿನಿಂದ ಬಂದದ್ದು. ನೋಡಲು ನಮ್ಮ ಕಾಡಿನ ಕುಂಟನೇರಳೆಯ ಹಾಗೆ, ಮಕ್ಕಳ ನಾಲಿಗೆಯನ್ನೂ ಹಾಗೇ ನೇರಳೆ ಮಾಡಿತು. ರೈತರು ಈ ಪ್ರಾಂತ್ಯದ ಹಳೆಯ ಜೋಕೊಂದನ್ನು ಹೇಳಿದರು: “ನಮ್ಮಲ್ಲಿ ನಾಯಿ ಮನೆ ಬಿಟ್ಟು ಓಡಿಹೋದರೆ ಮೂರು ದಿನ ಕಾಣಿಸುತ್ತಿರುತ್ತೆ.” ಎಲ್ಲರೂ ನಕ್ಕೆವು. ನಾನು ಸ್ವಲ್ಪ ಜಾಸ್ತಿಯೇ ನಕ್ಕೆ.

ಹತ್ತು ಗಂಟೆ ಸುಮಾರಿಗೆ ಪಶ್ಚಿಮದ ಅಂಚಿನಲ್ಲಿ ಮಿಂಚು ಕಾಣಿಸಿತು. ಸದ್ದಿಲ್ಲ. ಮೋಡದೊಳಗೇ ದೀಪ ಹಚ್ಚಿ ಆರಿಸಿದಂತೆ. ನಾನು ಮಕ್ಕಳನ್ನು ಕರೆದು ತೋರಿಸಿ, ಗುಡುಗು ಕೇಳದಷ್ಟು ದೂರದ ಮಳೆ ನಮಗೆ ಸಂಬಂಧಪಟ್ಟದ್ದಲ್ಲ ಎಂದು ವಿವರಿಸಿದೆ. ಊರಲ್ಲಿ ಅದು ನಿಜ. ಅಲ್ಲಿ ನಡುವೆ ಏಳು ಗುಡ್ಡಗಳಿರುತ್ತವೆ. ಇಲ್ಲಿ ಆ ಮೋಡಕ್ಕೂ ನನಗೂ ನಡುವೆ ಇದ್ದದ್ದು ಕನೋಲಾ ಮಾತ್ರ. ಸ್ವಲ್ಪ ಹೊತ್ತಿಗೆ ರೈತರು ಟಾರ್ಚ್ ಹಿಡಿದು ಬಂದರು. “ಪ್ಲೌ ವಿಂಡ್ ಬರೋ ಹಾಗಿದೆ, ಒಳಗೆ ಬನ್ನಿ” ಅಂದರು. ಪ್ಲೌ ವಿಂಡ್ ಅಂದರೆ ನೇಗಿಲ ಗಾಳಿ. ಗುಡುಗುಮೋಡದಿಂದ ಧುಮುಕಿ ನೆಲಕ್ಕೆ ಬಡಿದು, ನೇರ ಗೆರೆಯಲ್ಲಿ ಉಳುತ್ತಾ ಬರುವ ಗಾಳಿ. ನಾನು, “ಇರಲಿ ಬಿಡಿ, ಈ ಡೇರೆ ಮಳೆ ತಡೆಯುತ್ತೆ” ಅಂದೆ. ಅವರು ಗಾಳಿ ಅಂದದ್ದು, ನಾನು ಮಳೆ ಅಂದದ್ದು. ಅಂಗಡಿಯ ಹುಡುಗನ ಜೊತೆ ಆಡಿದ ಮಾತೇ, ಪಾತ್ರಧಾರಿ ಮಾತ್ರ ಬೇರೆ.

ಆಮೇಲೆ ಸೊಳ್ಳೆಗಳು ಮಾಯವಾದವು. “ನೋಡಿದೆಯಾ, ಸೊಳ್ಳೆಯೂ ಇಲ್ಲ” ಅಂತ ಹೆಂಡತಿಗೆ ಹೇಳಿದೆ. ಅವಳು ಆಗಲೇ ಮಕ್ಕಳಿಗೆ ಚಪ್ಪಲಿ ಹಾಕುತ್ತಿದ್ದಳು. ಮಣ್ಣಿನ ವಾಸನೆ ಬಂತು. ದೂರದಲ್ಲಿ ರೈಲು ಬಂದಂಥ ಸದ್ದು. “ಕಾರಿಗೆ!” ಅಂದಳು. ಓಡಿದೆವು. ಬಾಗಿಲು ಎಳೆದುಕೊಂಡು ಹಿಂದೆ ನೋಡುವಷ್ಟರಲ್ಲಿ ಗಾಳಿ ಬಂದು ಸೇರಿತು.

ಮೊದಲ ಮಿಂಚಿನಲ್ಲಿ ಡೇರೆ ಇದ್ದಲ್ಲೇ ಇತ್ತು, ಆದರೆ ಹೊಟ್ಟೆ ಉಬ್ಬಿಸಿಕೊಂಡು ಒಂದೇ ಕಾಲಿನ ಮೇಲೆ ನಿಂತಿತ್ತು. ಎರಡನೆಯ ಮಿಂಚಿನಲ್ಲಿ ಧಾನ್ಯದ ಉಗ್ರಾಣದ ಪಕ್ಕ ಇತ್ತು. ಮೂರನೆಯದರಲ್ಲಿ ಬೇಲಿಯ ಮೇಲೆ, ಸೀರೆಯ ನೆರಿಗೆ ಎತ್ತಿಕೊಂಡು ಕಾಲುವೆ ದಾಟುವ ಹೆಂಗಸಿನ ಹಾಗೆ. ನಾಲ್ಕನೆಯದರಲ್ಲಿ ಮಸೂರ ಬೇಳೆಯ ಹೊಲದ ನಡುವೆ, ನೆಟ್ಟಗೆ, ಅತ್ಯಂತ ಗಂಭೀರವಾಗಿ, ಅಲ್ಲೇ ಹುಟ್ಟಿ ಬೆಳೆದಂತೆ ನಿಂತಿತ್ತು. ಐದನೆಯದರಲ್ಲಿ ಚಿಕ್ಕದಾಗಿತ್ತು. ಮಗ, “ಅಪ್ಪ, ಅಲ್ಲಿ! ಅಲ್ಲಿ!” ಅಂತ ಎಣಿಸುತ್ತಿದ್ದ. ಏಳರವರೆಗೆ ಎಣಿಸಿದ. ರೈತರ ನಾಯಿಯ ಜೋಕು ನೆನಪಾಯಿತು. ಈಗ ಯಾರೂ ನಗಲಿಲ್ಲ.

ಆಗ ಮಳೆ ಬಂತು. ಸೆಕೆಯೆಂದು ನಾನು ಸಂಜೆ ಇಳಿಸಿಟ್ಟಿದ್ದ ಕಾರಿನ ಎರಡು ಕಿಟಕಿಗಳಿಂದ ಅಡ್ಡಡ್ಡಲಾಗಿ ಒಳಗೆ ಬಂತು. ಕಿಟಕಿ ಏರಿಸಲು ಕೀಲಿ ಬೇಕು. ಕೀಲಿ ನನ್ನ ಪ್ಯಾಂಟಿನ ಜೇಬಿನಲ್ಲಿತ್ತು. ನಾನು ಮಲಗುವಾಗ ಪಂಚೆ ಉಡುವವನು. ಪ್ಯಾಂಟು ಡೇರೆಯೊಳಗಿತ್ತು. ಡೇರೆ ಏಳನೆಯ ಮಿಂಚಿನ ಆಚೆಗಿತ್ತು.

ಅಂಗಡಿಯ ಹುಡುಗ ಸುಳ್ಳು ಹೇಳಿರಲಿಲ್ಲ. ಡೇರೆ ಮಳೆಯನ್ನು ತಡೆದೇ ತಡೆಯಿತು. ನಮ್ಮಿಂದ ಅರ್ಧ ಮೈಲಿ ದೂರದಲ್ಲಿ.

ಹದಿನೈದು ನಿಮಿಷ. ಅಷ್ಟೇ. ಮಳೆ ನಿಂತು ಚುಕ್ಕಿ ಕಾಣಿಸಿಕೊಂಡಾಗ ರೈತರು ಬಂದು ನಮ್ಮನ್ನು ಮನೆಗೆ ಕರೆದೊಯ್ದರು. ಒದ್ದೆ ಪಂಚೆಯಲ್ಲಿ ನಾನು ಅವರ ಅಡುಗೆಮನೆಯ ಬಾಗಿಲಲ್ಲಿ ನಿಂತಾಗ, ಅವರ ಹೆಂಡತಿ ಒಂದು ಕ್ಷಣ ನೋಡಿ, ಏನೂ ಕೇಳದೆ ಒಣ ಪೈಜಾಮ ತಂದು ಕೊಟ್ಟರು. ಅದರ ಮೇಲೆ ಸಣ್ಣ ಸಣ್ಣ ಟ್ರ್ಯಾಕ್ಟರುಗಳ ಚಿತ್ರವಿತ್ತು. ನೆಲಮಾಳಿಗೆಯಲ್ಲಿ ಮಲಗಿದೆವು. ಆ ಬೇಸಿಗೆಯ ಯಾತ್ರೆಗಳಲ್ಲಿ ಮೊದಲ ಬಾರಿ ನಿದ್ದೆ ಬಂತು.

ಬೆಳಿಗ್ಗೆ ಎದ್ದು ಟ್ರ್ಯಾಕ್ಟರ್ ಪೈಜಾಮದಲ್ಲೇ ಹೊರಗೆ ಬಂದಾಗ ರೈತರು ಬೇಲಿಯ ಹತ್ತಿರ ನಿಂತು ಕಂಬದ ಮೇಲಿನ ಗಾಜಿನ ಕೊಳವೆಯನ್ನು ಕಣ್ಣಿನ ಮಟ್ಟಕ್ಕೆ ಬಗ್ಗಿ ನೋಡುತ್ತಿದ್ದರು. ಮಳೆಮಾಪಕ. ನಮ್ಮಪ್ಪ ನಿಲ್ಲುತ್ತಿದ್ದ ಭಂಗಿಯೇ. ಒಂದು ಕಣ್ಣು ಮುಚ್ಚಿ, ತುಟಿ ಬಿಗಿದು.

“ಅರ್ಧ ಇಂಚು” ಅಂದರು. ಹಿಂದಿನ ದಿನದಿಂದ ನೋಡಿದ ಆ ಮುಖದಲ್ಲಿ ಮೊದಲ ಬಾರಿ ಹಲ್ಲು ಕಾಣಿಸಿತು. “ಮೂರು ವಾರದಿಂದ ಕಾಯುತ್ತಿದ್ದೆ. ಹೂ ಬಿಟ್ಟಿರೋ ಹೊತ್ತು. ಆಲಿಕಲ್ಲೂ ಬೀಳಲಿಲ್ಲ.”

ಅರ್ಧ ಇಂಚು. ನಮ್ಮಲ್ಲಿ ಅಷ್ಟು ನೀರು ಹಂಚಿನಿಂದ ತೊಟ್ಟಿಕ್ಕುವುದರಲ್ಲಿ ಹೋಗುತ್ತದೆ. ಹೇಳಬೇಕೆಂದು ಬಾಯಿ ತೆರೆದೆ. ಟ್ರ್ಯಾಕ್ಟರ್ ಪೈಜಾಮ ನೆನಪಾಗಿ ಮುಚ್ಚಿದೆ.

ಒಳಗೆ ಹೋಗಿ ಅವರು ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ಆ ದಿನದ ಚೌಕದೊಳಗೆ ಬರೆದರು: 0.5. ನಾನು ಪಕ್ಕದಲ್ಲೇ ನಿಂತು ನೋಡಿದೆ. ಜುಲೈ ತಿಂಗಳ ಹಾಳೆ. ಉಳಿದ ಚೌಕಗಳೆಲ್ಲ ಬಿಳಿ. ಮೊದಲ ವಾರದಲ್ಲೊಂದು 0.1 ಇತ್ತು, ಅದನ್ನೂ ಬಿಡದೆ ಬರೆದಿದ್ದರು.

ಆಮೇಲೆ ಅವರ ಪಿಕಪ್ಪಿನಲ್ಲಿ ಡೇರೆ ಹುಡುಕಲು ಹೋದೆವು. ಹುಡುಕುವುದೇನು ಬಂತು, ಅಂಗಳದಿಂದಲೇ ಕಾಣುತ್ತಿತ್ತು. ಎರಡು ಹೊಲದಾಚೆ ಮುಳ್ಳುತಂತಿಗೆ ಆತುಕೊಂಡು ಸುಸ್ತಾಗಿ ಮಲಗಿತ್ತು. ಮಸೂರ ಬೇಳೆಯ ನಡುವೆ ಅದು ಉರುಳಿದ ದಾರಿ ಗಡ್ಡ ಬೋಳಿಸಿದ ಗೆರೆಯಂತೆ ಬಿದ್ದಿತ್ತು. ನಷ್ಟ ಕಟ್ಟಿಕೊಡುತ್ತೇನೆ ಅಂದೆ. “ಜಿಂಕೆ ಇದಕ್ಕಿಂತ ಹೆಚ್ಚು ತಿನ್ನುತ್ತೆ, ಅದು ಕ್ಷಮೆ ಕೂಡ ಕೇಳೋದಿಲ್ಲ” ಅಂದರು. ಡೇರೆಯ ಕಡ್ಡಿಗಳು ಮುರಿದಿದ್ದವು. ಕುಕ್ಕರ್ ನೆಗ್ಗಿತ್ತು. ಪ್ಯಾಂಟು, ಕೀಲಿ, ಪರ್ಸು ಎಲ್ಲ ಒಳಗೆ ಕ್ಷೇಮವಾಗಿ, ಒಣಗಿಯೇ ಇದ್ದವು. ಗಾಳಿ ಹಾಸಿಗೆ ಮಾತ್ರ ಒಂದು ಚೂರೂ ಕುಗ್ಗದೆ ಉಬ್ಬಿಕೊಂಡೇ ಇತ್ತು. ಈ ಸಲವೂ ಪಂಪು ಮರೆತಿತ್ತು. ಒಳಗಿದ್ದದ್ದು ನನ್ನದೇ ಒಂದು ಗಂಟೆಯ ಉಸಿರು. ಡೇರೆಗೆ ಅಷ್ಟು ದೂರ ಓಡುವ ಶಕ್ತಿ ಎಲ್ಲಿಂದ ಬಂತೆಂದು ಆಗ ಹೊಳೆಯಿತು.

ವಾಪಸು ಬರುವಾಗ ರೈತರು ಬೇಳೆಯ ಕಥೆ ಹೇಳಿದರು. ಅವರ ಅಪ್ಪನ ಕಾಲದಲ್ಲಿ ಇಲ್ಲಿ ಗೋಧಿಯೇ ಗೋಧಿ. ಸ್ಯಾಸ್ಕಟೂನಿನ ವಿಶ್ವವಿದ್ಯಾಲಯಕ್ಕೆ 1972ರಲ್ಲಿ ಬಂದ ಆಲ್ ಸ್ಲಿಂಕಾರ್ಡ್ ಎಂಬ ವಿಜ್ಞಾನಿ 1978ರಲ್ಲಿ ‘ಲೇರ್ಡ್’, 1980ರಲ್ಲಿ ‘ಎಸ್ಟನ್’ ಎಂಬ ತಳಿಗಳನ್ನು ಕೊಟ್ಟ ಮೇಲೆ ಮಸೂರ ಇಲ್ಲಿ ಬೇರೂರಿತು. ಎರಡೂ ಈ ಪ್ರಾಂತ್ಯದ ಊರುಗಳ ಹೆಸರು. ಈಗ ಕೆನಡಾದ ಮಸೂರದಲ್ಲಿ ಬಹುಪಾಲು ಇಲ್ಲಿನದೇ, ಹಡಗು ಹತ್ತಿ ಭಾರತಕ್ಕೂ ಹೋಗುತ್ತದೆ. “ನೀವು ದಿನಾ ತಿನ್ನುತ್ತೀರಲ್ಲ?” ಅಂತ ಕೇಳಿದರು. “ದಿನಾ” ಅಂದೆ. ಹಿಂದಿನ ಸೀಟಿನಲ್ಲಿ ಹೆಂಡತಿ ಕೆಮ್ಮಿದಳು. ನಮ್ಮ ಮನೆಯಲ್ಲಿ ತೊಗರಿ ಬಿಟ್ಟರೆ ಬೇರೆ ಬೇಳೆ ಸಾರಿಗೆ ಬಿದ್ದದ್ದಿಲ್ಲ. ಹೊರಡುವಾಗ ಅವರು ಐದು ಕಿಲೋ ಮಸೂರ ಕೊಟ್ಟು ಕಳಿಸಿದರು. ಸುಳ್ಳಿಗೆ ತೂಕವಿರುತ್ತದೆ ಎಂದು ಹೇಳುವುದು ಇದಕ್ಕೇ.

ಕಾರು ಹತ್ತುವ ಮೊದಲು ಅಮ್ಮನ ಫೋನು ಬಂತು. ಅಲ್ಲಿ ಸಂಜೆ. ಹಿನ್ನೆಲೆಯಲ್ಲಿ ಹಂಚಿನ ಮೇಲೆ ಮಳೆ ಹೊಯ್ಯುವ ಸದ್ದು.

“ಅಲ್ಲಿ ಮಳೆ ಬಂತಾ?”

“ಬಂತು.”

“ಎಷ್ಟು?”

“ಅರ್ಧ ಇಂಚು. ಒಳ್ಳೆ ಮಳೆ ಅಮ್ಮ, ಹೂ ಬಿಟ್ಟಿರೋ ಹೊತ್ತಿಗೆ ಬಂತು.”

ಆ ಕಡೆ ಸ್ವಲ್ಪ ಹೊತ್ತು ಮಳೆಯ ಸದ್ದು ಮಾತ್ರ. ಅಷ್ಟರಲ್ಲಿ ಮಗ ಫೋನು ಕಿತ್ತುಕೊಂಡು ಏಳು ಮಿಂಚುಗಳ ಕಥೆಯನ್ನು ಅಭಿನಯ ಸಮೇತ ಹೇಳಿ ಮುಗಿಸಿ, ಮತ್ತೆ ನನ್ನ ಕೈಗಿಟ್ಟ. ಅಮ್ಮ ನಗುತ್ತಿದ್ದಳು.

“ಅಲ್ಲ ಮಾರಾಯ, ಅರ್ಧ ಇಂಚು ಮಳೆಗೆ ಡೇರೆ ಓಡಿಹೋಯ್ತಾ? ಎಂಥ ಗೂಟ ಹೊಡೆದಿದ್ದೆ?”

ಹದಿನೆಂಟು ಡಾಲರಿನ ವಿಷಯ ನಾನು ಎತ್ತಲಿಲ್ಲ.